ಭೇದಿ ಮಾತ್ರೆಯಿಂದ ಬೊಜ್ಜು ಕರಗುವುದೇ?

ಮೈ ಇಳಿಸಲು ಒಂದು ಮಾತ್ರೆ ಬರೆದುಕೊಡಿ ಎಂದು ಕೇಳುವವರು ಈಗ ಬೆಂಗಳೂರು, ಮೈಸೂರುಗಳಲ್ಲಿ ಮಾತ್ರ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ನನ್ನ ಬಳಿಗೆ ಬರುವವರಲ್ಲೂ ಇದ್ದಾರೆ. ಹೀಗೆ ಬಾಯಿಬಿಟ್ಟು ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಅವರಿಗೆ ತಿಳಿಯ ಹೇಳಬಹುದು, ಥೈರಾಯ್ಡ್ ಪರೀಕ್ಷೆ ಮಾಡಿಸಬಹುದು, ಊಟದ ಕ್ರಮ ಬರೆದುಕೊಡಬಹುದು. ಚಿಂತೆ ಇರುವುದು ಯಾರನ್ನೂ ಕೇಳದೆ ಔಷಧಿ ಅಂಗಡಿಗೆ ಹೋಗಿ, ಮಲಬದ್ಧತೆ ಎಂದು ಸುಳ್ಳು ಹೇಳಿ, ಭೇದಿ ಮಾತ್ರೆಯ ಸ್ಟ್ರಿಪ್ ತಂದು ಬೀರುವಿನಲ್ಲಿ ಬಟ್ಟೆಗಳ ನಡುವೆ ಬಚ್ಚಿಡುವವರ ಬಗ್ಗೆ.

ಇಂಥವರು ಯಾರು? ಮದುವೆ ಗೊತ್ತಾಗಿ ಇನ್ನೆರಡು ತಿಂಗಳಲ್ಲಿ ಫೋಟೋ ತೆಗೆಸಿಕೊಳ್ಳಬೇಕಾದ ಹುಡುಗಿಯರು. ಹೆರಿಗೆಯಾಗಿ ವರ್ಷ ಕಳೆದರೂ ಹೊಟ್ಟೆ ಇಳಿಯಲಿಲ್ಲವೆಂದು ಕೊರಗುವ ತಾಯಂದಿರು. ಹಾಸ್ಟೆಲಿನಲ್ಲಿ ಒಬ್ಬಳು ನುಂಗುವುದನ್ನು ನೋಡಿ ತಾನೂ ನುಂಗಿದ ಗೆಳತಿಯರು. ಹುಡುಗರೇನೂ ಇದರಿಂದ ಹೊರತಲ್ಲ. ನಮ್ಮ ಕಡೆ ಕಬಡ್ಡಿ ಪಂದ್ಯಗಳನ್ನು ಇಷ್ಟು ಕಿಲೋ ತೂಕದೊಳಗಿನವರಿಗೆ ಎಂದು ನಡೆಸುವ ರೂಢಿ ಇದೆಯಷ್ಟೆ. ಹಿಂದಿನ ರಾತ್ರಿ ಎರಡು ಕಿಲೋ ಇಳಿಸಲು ಹುಡುಗರು ಏನೇನು ಮಾಡುತ್ತಾರೆಂದು ಅವರ ತರಬೇತುದಾರರನ್ನು ಕೇಳಿದರೆ ತಿಳಿಯುತ್ತದೆ.

ಹೊಟ್ಟೆ ಶುದ್ಧಿ ಮಾಡಿಕೊಳ್ಳುವುದು ನಮಗೆ ಹೊಸದೇನಲ್ಲ. ಬೆಳಗಿನ ಜಾವ ಎಬ್ಬಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸಿ, ಮಧ್ಯಾಹ್ನ ಬಿಸಿ ಅನ್ನಕ್ಕೆ ಮೆಣಸಿನ ಸಾರು ಬಡಿಸುತ್ತಿದ್ದ ಅಜ್ಜಿಯರನ್ನು ನಲವತ್ತು ದಾಟಿದವರು ಮರೆತಿರಲಾರರು. ಆದರೆ ಅದು ವರ್ಷಕ್ಕೊಮ್ಮೆಯೋ ಎರಡು ಸಲವೋ ಮಾತ್ರ. ಅಜ್ಜಿ ಯಾರನ್ನೂ ತೆಳ್ಳಗೆ ಮಾಡಬೇಕೆಂದು ಹರಳೆಣ್ಣೆ ಕುಡಿಸಲಿಲ್ಲ. ಮೊಮ್ಮಗು ಇನ್ನೂ ಮೈ ತುಂಬಿಕೊಳ್ಳಲಿಲ್ಲವಲ್ಲ ಎಂಬುದೇ ಆಕೆಯ ಚಿಂತೆ. ಆಯುರ್ವೇದದಲ್ಲಿ ವಿರೇಚನ ಎಂಬ ಚಿಕಿತ್ಸೆ ಇದೆ ಎಂದು ನೀವು ಹೇಳಬಹುದು. ಇದೆ. ಅದಕ್ಕೆ ಮೊದಲು ಕೆಲವು ದಿನ ತುಪ್ಪ ಕುಡಿಸಿ, ಬೆವರಿಳಿಸಿ, ರೋಗಿಯ ಬಲವನ್ನು ನೋಡಿ ವೈದ್ಯರು ಔಷಧ ಕೊಡುತ್ತಾರೆ. ನಂತರ ತಿಳಿಗಂಜಿಯಿಂದ ಶುರುಮಾಡಿ ನಿಧಾನವಾಗಿ ಊಟಕ್ಕೆ ತರುತ್ತಾರೆ. ದಿನಾ ರಾತ್ರಿ ಕದ್ದು ಮಾತ್ರೆ ನುಂಗುವುದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

<b>ಕೊಬ್ಬಲ್ಲ, ನೀರು</b>

ಈಗ ಮುಖ್ಯ ಪ್ರಶ್ನೆಗೆ ಬರೋಣ. ಭೇದಿಯಾದರೆ ತಿಂದದ್ದೆಲ್ಲ ಹೊರಗೆ ಹೋಗಿಬಿಡುತ್ತದೆ, ಮೈಗೆ ಹತ್ತುವುದಿಲ್ಲ ಎಂದಲ್ಲವೇ ನಂಬಿಕೆ? ನಮ್ಮ ಕರುಳಿನ ರಚನೆಯನ್ನು ನೋಡಿದರೆ ಇದು ಎಷ್ಟು ತಪ್ಪು ಎಂದು ಗೊತ್ತಾಗುತ್ತದೆ.

ನೀವು ಉಂಡ ಮುದ್ದೆ, ಅನ್ನ, ಒಗ್ಗರಣೆಯ ಎಣ್ಣೆ ಎಲ್ಲವೂ ಜಠರದಿಂದ ಸಣ್ಣ ಕರುಳಿಗೆ ಬರುತ್ತವೆ. ಇದು ಸುಮಾರು ಆರು ಮೀಟರ್ ಉದ್ದದ ನಾಳ. ಪಿಷ್ಟ, ಕೊಬ್ಬು, ಸಸಾರಜನಕ ಇವುಗಳ ಬಹುಪಾಲು ಇಲ್ಲಿಯೇ ಅರಗಿ ರಕ್ತಕ್ಕೆ ಸೇರುತ್ತದೆ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದಿನಕ್ಕೆ ಎಂಟು ಒಂಬತ್ತು ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ದೊಡ್ಡ ಕರುಳಿಗೆ ಇಳಿಯುತ್ತದೆ. ದೊಡ್ಡ ಕರುಳು ಅದರಿಂದಲೂ ನೀರು ಮತ್ತು ಲವಣಗಳನ್ನು ಹೀರಿಕೊಂಡು ಕೊನೆಗೆ ನೂರರಿಂದ ಇನ್ನೂರು ಮಿಲಿಲೀಟರ್ ಮಾತ್ರ ಮಲದೊಂದಿಗೆ ಹೊರಗೆ ಬಿಡುತ್ತದೆ.

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಬಿಸಾಕೋಡಿಲ್ ಮಾತ್ರೆಯಾಗಲಿ, ಸೋನಾಮುಖಿ ಎಲೆಯ ಪುಡಿಯಾಗಲಿ ಮುಖ್ಯವಾಗಿ ಕೆಲಸ ಮಾಡುವುದು ಈ ದೊಡ್ಡ ಕರುಳಿನ ಮೇಲೆ. ಎಂದರೆ ಊಟದ ಸಾರವೆಲ್ಲ ರಕ್ತಕ್ಕೆ ಸೇರಿಯಾದ ಮೇಲೆ. ಕೆ.ಆರ್. ನಗರದ ಕಡೆಯ ಗದ್ದೆಯವರಿಗೆ ಇದನ್ನು ಹೇಳುವುದು ಸುಲಭ. ಪೈರು ಗೊಬ್ಬರವನ್ನೆಲ್ಲ ಹೀರಿಕೊಂಡಾದ ಮೇಲೆ ಬಸಿಗಾಲುವೆಯನ್ನು ಎಷ್ಟು ಅಗಲಿಸಿದರೂ ಹೋಗುವುದು ನೀರು ಮಾತ್ರ, ಪೈರು ತಿಂದ ಗೊಬ್ಬರ ವಾಪಸು ಬರುವುದಿಲ್ಲ.

ಇದನ್ನು ಅಮೆರಿಕದ ವೈದ್ಯರು ಅಳತೆ ಮಾಡಿಯೇ ನೋಡಿದ್ದಾರೆ. 1983ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಭೇದಿ ಮಾತ್ರೆಯಿಂದ ನಾಲ್ಕರಿಂದ ಆರು ಲೀಟರಿನಷ್ಟು ಭೇದಿಯಾದರೂ ಆಹಾರದಿಂದ ದೇಹಕ್ಕೆ ಸೇರುವ ಕ್ಯಾಲೊರಿಯಲ್ಲಿ ಕಡಿಮೆಯಾದದ್ದು ಶೇ 12 ಮಾತ್ರ. ದಿನಕ್ಕೆ 1,600 ಕ್ಯಾಲೊರಿ ಉಣ್ಣುವ ಹೆಣ್ಣುಮಗಳಿಗೆ ಇದು 190 ಕ್ಯಾಲೊರಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಲೆಕ್ಕ ಹಾಕಿ ನೋಡಿ: ಬಚ್ಚಲು ಮನೆಗೆ ಹತ್ತಿಪ್ಪತ್ತು ಸಲ ಓಡಾಡಿ, ಹೊಟ್ಟೆ ಹಿಂಡಿಸಿಕೊಂಡು ಕಳೆದದ್ದು ಅರ್ಧ ಮುದ್ದೆ! ಆ ಅರ್ಧ ಮುದ್ದೆಯನ್ನು ತಟ್ಟೆಯಲ್ಲಿಯೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ?

ಹಾಗಾದರೆ ತೂಕದ ಯಂತ್ರದ ಮುಳ್ಳು ಇಳಿದದ್ದು ಹೇಗೆ? ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಎರಡು ಲೀಟರ್ ಹೋದರೆ ಎರಡು ಕಿಲೋ ಇಳಿದಂತೆ ಕಾಣುತ್ತದೆ. ಹೊಟ್ಟೆಯೂ ಚಪ್ಪಟೆಯಾಗಿ ಕಾಣುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಅದು ಒಂದು ರಾತ್ರಿಯಲ್ಲಿ ಆಗುವ ಮಾತಲ್ಲ. ಮರುದಿನ ನೀರು ಕುಡಿದೊಡನೆ ಮುಳ್ಳು ಮತ್ತೆ ಮೇಲೆ ಹೋಗುತ್ತದೆ. ಆಕೆ ಗಾಬರಿಯಾಗಿ ಇನ್ನೆರಡು ಮಾತ್ರೆ ಹೆಚ್ಚು ನುಂಗುತ್ತಾಳೆ.

<b>ಹೃದಯಕ್ಕೆ ಬರುವ ಕುತ್ತು</b>

ನೀರು ಮಾತ್ರ ಹೋಗುವುದಾದರೆ ಕುಡಿದು ತುಂಬಿಸಿಕೊಳ್ಳಬಹುದಿತ್ತು. ಅದರ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳೂ ಹೋಗುತ್ತವೆ. ಇವುಗಳಲ್ಲಿ ವೈದ್ಯರು ಹೆಚ್ಚು ಹೆದರುವುದು ಪೊಟ್ಯಾಸಿಯಂ ಕೊರತೆಗೆ. ರಕ್ತದಲ್ಲಿ ಇದು 3.5ರಿಂದ 5ರ ನಡುವೆ ಇರಬೇಕು. ಸ್ನಾಯುಗಳು ಬಿಗಿಯುವುದು, ಸಡಿಲುವುದು, ಹೃದಯ ತಾಳ ತಪ್ಪದೆ ಬಡಿಯುವುದು ಇದರ ಬಲದಿಂದ. ಇಳಿಯುತ್ತ ಹೋದಂತೆ ಮೊದಲು ಸುಸ್ತು, ಮೀನಖಂಡದಲ್ಲಿ ಸೆಳೆತ. ಆಮೇಲೆ ತೊಡೆ, ತೋಳುಗಳಲ್ಲಿ ಶಕ್ತಿಯಿಲ್ಲದಂತಾಗುವುದು. ಕೊನೆಗೆ ಎದೆಬಡಿತ ಏರುಪೇರಾಗಿ, ಮುನ್ಸೂಚನೆಯಿಲ್ಲದೆ ಹೃದಯ ನಿಂತುಹೋಗಲೂಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಹೆಸರು, ಊರು ಬೇಡ. ಹುಡುಗಿಗೆ 22 ವರ್ಷ, ಎತ್ತರ ಐದು ಅಡಿ ಎರಡು ಅಂಗುಲ, ಮದುವೆ ಗೊತ್ತಾದಾಗ ತೂಕ 54 ಕಿಲೋ. ಈ ಎತ್ತರಕ್ಕೆ ನಮ್ಮ ದೇಶದವರ ಲೆಕ್ಕದಲ್ಲಿ 57 ಕಿಲೋದೊಳಗೆ ಇದ್ದರೆ ಅದು ಸರಿಯಾದ ತೂಕವೇ. ಆದರೆ ಗಂಡಿನ ಕಡೆಯ ಯಾರೋ ಹಿರಿಯರು "ಹುಡುಗಿ ಒಂಚೂರು ಗುಂಡಗವಳೆ" ಎಂದರಂತೆ. ಅಷ್ಟೇ ಸಾಕಾಯಿತು. ಮೊದಲು ರಾತ್ರಿಗೆ ಎರಡು ಮಾತ್ರೆ, ಎರಡು ತಿಂಗಳು ಕಳೆಯುವಷ್ಟರಲ್ಲಿ ಹದಿನೈದು. "ಮೆಟ್ಟಿಲು ಹತ್ತಕ್ಕೆ ಆಗ್ತಿಲ್ಲ ಅಂತಾಳೆ ಡಾಕ್ಟ್ರೇ, ರಕ್ತ ಕಮ್ಮಿಯಾಗಿರಬೇಕು, ಒಂದು ಬಾಟ್ಲು ಹಾಕಿಬಿಡಿ" ಎಂದು ತಾಯಿ ಕರೆತಂದರು. ರಕ್ತಹೀನತೆ ಅಷ್ಟೇನೂ ಇರಲಿಲ್ಲ. ಪೊಟ್ಯಾಸಿಯಂ 2.4 ಇತ್ತು, ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಾಣುತ್ತಿತ್ತು. ತಾಯಿಯನ್ನು ಹೊರಗೆ ಕೂರಿಸಿ, "ಏನಮ್ಮ, ಮೈ ಇಳಿಸಕ್ಕೆ ಏನಾದರೂ ತಗೋತಿದ್ದೀಯಾ? ನಾನು ಬೈಯಲ್ಲ" ಎಂದು ಕೇಳಿದ ಮೇಲೆ ಅಳುತ್ತ ಹೇಳಿದಳು. ಅದೇ ದಿನ ಮೈಸೂರಿಗೆ ಕಳುಹಿಸಿ, ಐದು ದಿನ ಆಸ್ಪತ್ರೆಯಲ್ಲಿಟ್ಟು ಲವಣ ತುಂಬಿಸಬೇಕಾಯಿತು. ಮದುವೆಯೇನೋ ಮುಂದೆ ಹೋಗಲಿಲ್ಲ. ಆದರೆ ಆ ಪೊಟ್ಯಾಸಿಯಂ ಜೊತೆಗೆ ಎರಡು ದಿನದ ವಾಂತಿಯೋ, ಬೇಸಿಗೆಯ ಬಿಸಿಲೋ, ಹೊಗೆಸೊಪ್ಪಿನ ಬ್ಯಾರನ್ ಮುಂದಿನ ಕೆಲಸವೋ ಸೇರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ದೇಹ ಒಣಗುವುದರಿಂದ ಮೂತ್ರಪಿಂಡಕ್ಕೂ ಪೆಟ್ಟು. ಗರ್ಭನಿರೋಧಕ ಮಾತ್ರೆ ನುಂಗುವವರು ಇನ್ನೊಂದನ್ನು ತಿಳಿದಿರಬೇಕು: ಜೋರು ಭೇದಿಯಾದಾಗ ಆ ಮಾತ್ರೆಯೂ ಸರಿಯಾಗಿ ಮೈಗೆ ಹತ್ತುವುದಿಲ್ಲ.

<b>ನಿಲ್ಲಿಸಿದರೆ ಊತ ಏಕೆ?</b>

ಈ ಚಟದಲ್ಲಿ ಅತಿ ಹೆಚ್ಚು ಮೋಸ ಮಾಡುವ ಘಟ್ಟ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾರಗಟ್ಟಲೆ ನೀರು, ಉಪ್ಪು ಕಳೆದುಕೊಂಡ ದೇಹ ಬರಗಾಲ ಬಂತೆಂದು ತಿಳಿದು ಉಪ್ಪು, ನೀರನ್ನು ಹಿಡಿದಿಡುವ ಹಾರ್ಮೋನುಗಳನ್ನು ಹೆಚ್ಚಾಗಿ ಸುರಿಸುತ್ತಿರುತ್ತದೆ. ಅದರಲ್ಲಿ ಆಲ್ಡೋಸ್ಟೀರಾನ್ ಮುಖ್ಯವಾದದ್ದು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೂ ಈ ಹಾರ್ಮೋನುಗಳು ಮರುದಿನವೇ ಇಳಿಯುವುದಿಲ್ಲ. ಕುಡಿದ ನೀರೆಲ್ಲ ಮೈಯಲ್ಲಿ ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ಮುಖ ತುಂಬಿದಂತಾಗುತ್ತದೆ, ಉಂಗುರ ಬಿಗಿಯಾಗುತ್ತದೆ, ತೂಕ ಒಂದೇ ವಾರದಲ್ಲಿ ಎರಡು ಮೂರು ಕಿಲೋ ಏರಬಹುದು. ಜೊತೆಗೆ ಕೆಲವು ದಿನ ಮಲವೂ ಆಗುವುದಿಲ್ಲ. "ನೋಡಿ, ಬಿಟ್ಟ ಕೂಡಲೇ ದಪ್ಪಗಾದೆ" ಎಂದು ಮತ್ತೆ ಮಾತ್ರೆಗೆ ಕೈ ಹಾಕುವುದು ಈ ಹಂತದಲ್ಲಿಯೇ.

ಈ ಊತ ಕೊಬ್ಬಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ. ಕುಳಿತಾಗ ಕಾಲನ್ನು ಎತ್ತರದಲ್ಲಿಡಿ, ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ. ಊತ ಇಳಿಯಲೆಂದು ಮೂತ್ರದ ಮಾತ್ರೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ. ಅದು ಪೊಟ್ಯಾಸಿಯಮ್ಮನ್ನು ಇನ್ನಷ್ಟು ಹೊರಹಾಕುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ವೈದ್ಯರ ಕಣ್ಣೆದುರಿಗೆ ನಿಲ್ಲಿಸುವುದು ಒಳ್ಳೆಯದು. ಲವಣಾಂಶ, ಕ್ರಿಯಾಟಿನಿನ್ ಪರೀಕ್ಷೆ, ಒಂದು ಇ.ಸಿ.ಜಿ. ಇಷ್ಟು ಮೊದಲು ಆಗಲಿ.

ಮಲಬದ್ಧತೆಗೆ ವೈದ್ಯರು ಬರೆದುಕೊಟ್ಟ ಮಾತ್ರೆಗೂ ಹೆದರಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಭೇದಿ ಮಾತ್ರೆಯಿಂದ ಕರುಳು ಶಾಶ್ವತವಾಗಿ ಸೋಮಾರಿಯಾಗುತ್ತದೆ ಎಂದು ಹಿಂದೆ ನಾವೂ ಓದಿದ್ದೆವು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹಾಗಾಗುತ್ತದೆ ಎಂಬುದಕ್ಕೆ ಆಧಾರ ಕಡಿಮೆ ಎಂದು ಈಗ ಗೊತ್ತಾಗಿದೆ. ಸೋನಾಮುಖಿ, ಲೋಳೆಸರಗಳನ್ನು ಬಹುಕಾಲ ಬಳಸಿದವರ ದೊಡ್ಡ ಕರುಳಿನ ಒಳಗೋಡೆ ಕಂದುಬಣ್ಣಕ್ಕೆ ತಿರುಗುವುದುಂಟು, ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮಾಸುತ್ತದೆ. ಇಸಬ್‌ಗೋಲು ಬರೀ ನಾರು. ಸಾಕಷ್ಟು ನೀರಿನೊಡನೆ ತೆಗೆದುಕೊಂಡರೆ ಭಯವಿಲ್ಲ. ಜಾಪಾಳದ ಹೆಸರು ಹೇಳಿ ಯಾರಾದರೂ ಏನಾದರೂ ಕೊಟ್ಟರೆ ಮಾತ್ರ ಮುಟ್ಟಬೇಡಿ. ಅದು ಕರುಳನ್ನೇ ಸುಡುವ ವಿಷ.

ಇನ್ನು ಗಿಡಮೂಲಿಕೆ ಎಂಬ ಧೈರ್ಯ. ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸುವ ಸ್ಲಿಮ್ಮಿಂಗ್ ಟೀ, ಡಿಟಾಕ್ಸ್ ಪುಡಿಗಳಲ್ಲಿ ಅನೇಕವುಗಳ ಒಳಗೆ ಇರುವುದು ಅದೇ ಸೋನಾಮುಖಿ. ಕೆಲವುಗಳಲ್ಲಿ ಅದಕ್ಕಿಂತ ಕೆಟ್ಟದ್ದೂ ಇರುತ್ತದೆ. 2008ರ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಗಿಡಮೂಲಿಕೆ ಎಂದು ಮಾರುತ್ತಿದ್ದ ತೂಕ ಇಳಿಸುವ ಅನೇಕ ಮಾತ್ರೆಗಳಲ್ಲಿ ಸಿಬುಟ್ರಮಿನ್, ಫಿನಾಲ್ಫ್ತಲೀನ್ ಮೊದಲಾದ ರಾಸಾಯನಿಕಗಳನ್ನು ಪತ್ತೆಹಚ್ಚಿತು. ಫಿನಾಲ್ಫ್ತಲೀನ್ ಹಳೆಯ ಭೇದಿ ಔಷಧ. ಕ್ಯಾನ್ಸರ್ ಶಂಕೆಯಿಂದ ಅಲ್ಲಿ 1999ರಲ್ಲಿ ಅದನ್ನು ಕೈಬಿಡಲಾಗಿತ್ತು. ಸಿಬುಟ್ರಮಿನನ್ನು ಹೃದಯಕ್ಕೆ ಅಪಾಯವೆಂದು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿದರು. ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಎಲೆಯೇ ಇರುತ್ತದೆಂದು ನಂಬಬೇಡಿ.

<b>ಇದು ಬರೀ ಹೊಟ್ಟೆಯ ಕಾಯಿಲೆಯಲ್ಲ</b>

ಅಮೆರಿಕದ ಪ್ರಖ್ಯಾತ ಗಾಯಕಿ ಕರೆನ್ ಕಾರ್ಪೆಂಟರ್ 1983ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಆಕೆಗೆ 32 ವರ್ಷ. ಊಟ ಬಿಟ್ಟು, ಭೇದಿ ಮಾತ್ರೆಗಳನ್ನೂ ಥೈರಾಯ್ಡ್ ಮಾತ್ರೆಗಳನ್ನೂ ನುಂಗಿ ಸೊರಗಿದ್ದ ಆಕೆಯ ಹೃದಯ ಸೋತಿತ್ತು. ಅದಕ್ಕೆ ಕೆಲವು ವರ್ಷ ಮೊದಲು, 1979ರಲ್ಲಿ, ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು ಮಿತಿಮೀರಿ ತಿಂದು, ಆಮೇಲೆ ಪಶ್ಚಾತ್ತಾಪಪಟ್ಟು ವಾಂತಿ ಮಾಡಿಕೊಳ್ಳುವ ಅಥವಾ ಭೇದಿ ಮಾಡಿಕೊಳ್ಳುವ ಕಾಯಿಲೆಗೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟಿದ್ದರು.

ಇವೆಲ್ಲ ಉಳ್ಳವರ ದೇಶದ ರೋಗಗಳು, ನಮ್ಮಲ್ಲಿ ಎಲ್ಲಿ ಎಂದುಕೊಂಡ ಕಾಲವಿತ್ತು. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಆಹಾರ ಸಂಬಂಧಿ ಮನೋರೋಗದ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಅಷ್ಟು ದೂರವೂ ಬೇಡ. 2025ರ ಮಾರ್ಚ್‌ನಲ್ಲಿ ಕೊಡಗಿನ ಆಚೆಗಿನ ಕಣ್ಣೂರು ಜಿಲ್ಲೆಯಲ್ಲಿ, ದಪ್ಪಗಾಗುವ ಭಯದಿಂದ ಊಟ ಬಿಟ್ಟ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಪಿರಿಯಾಪಟ್ಟಣದವರಿಗೆ ಕಣ್ಣೂರು ಪರದೇಶವೇನಲ್ಲ.

ನಿಮ್ಮ ಮನೆಯಲ್ಲಿ ಹೀಗೆ ನಡೆಯುತ್ತಿದೆಯೇ ಎಂದು ಹೇಗೆ ತಿಳಿಯುವುದು? ಊಟವಾದ ಕೂಡಲೇ ಬಚ್ಚಲು ಸೇರಿ ಬಹಳ ಹೊತ್ತು ಬಾರದಿರುವುದು, ಎಲ್ಲರ ಜೊತೆ ಉಣ್ಣಲು ಒಂದಲ್ಲ ಒಂದು ನೆಪ, ದಿನಕ್ಕೆ ನಾಲ್ಕು ಸಲ ತೂಕ ನೋಡಿಕೊಳ್ಳುವುದು, ಖಾಲಿ ಸ್ಟ್ರಿಪ್‌ಗಳು, ಕಾರಣವಿಲ್ಲದ ಸುಸ್ತು, ಮುಟ್ಟು ಏರುಪೇರು. ಇವುಗಳಲ್ಲಿ ಎರಡು ಮೂರು ಕಂಡರೆ ವಿಚಾರಿಸಿ. ವಿಚಾರಿಸುವ ರೀತಿ ಮಾತ್ರ ಜೋಪಾನ. ಸ್ಟ್ರಿಪ್ ಎತ್ತಿ ತೋರಿಸಿ ಎಲ್ಲರೆದುರು ಕೂಗಾಡಿದರೆ ಅವಳು ಬಚ್ಚಿಡುವ ಜಾಗ ಬದಲಾಯಿಸುತ್ತಾಳೆಯೇ ಹೊರತು ಮಾತ್ರೆ ಬಿಡುವುದಿಲ್ಲ. ಇಬ್ಬರೇ ಇದ್ದಾಗ, ಅವಳ ಸುಸ್ತಿನಿಂದ ಮಾತು ಶುರುಮಾಡಿ. ದಪ್ಪ, ತೆಳ್ಳಗೆ ಎಂಬ ಮಾತು ಬೇಡ. ಮದುವೆ ಮನೆಗಳಲ್ಲಿ "ಏನವ್ವ, ಹಿಂಗೆ ಊದ್ಕಂಡಿದ್ದೀಯಲ್ಲ" ಎಂದು ಸಲುಗೆಯಿಂದ ಕೇಳುವ ಚಿಕ್ಕಮ್ಮ, ಅತ್ತೆಯಂದಿರಿಗೂ ಈ ಲೇಖನ ಓದಲು ಕೊಡಿ. ಮಾತ್ರೆ ಬಿಡಲಾಗದೆ ಮನಸ್ಸು ಒದ್ದಾಡುತ್ತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯೇನಿಲ್ಲ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಕಬಡ್ಡಿ, ಕುಸ್ತಿಯ ಹುಡುಗರಿಗೆ ಎರಡು ಮಾತು. 1997ರ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕದ ವಿಭಾಗಕ್ಕೆ ಇಳಿಯಲು ಮೈಯ ನೀರು ಬತ್ತಿಸಿಕೊಂಡು ಸತ್ತರು. ಆಮೇಲೆ ಅಲ್ಲಿ ನಿಯಮಗಳನ್ನೇ ಬದಲಾಯಿಸಿದರು. ಭೇದಿ ಮಾಡಿಕೊಂಡು ಅಂಕಣಕ್ಕೆ ಇಳಿದವನಿಗೆ ತೊಡೆಯಲ್ಲಿ ಸೆಳೆತ, ಕಣ್ಣುಕತ್ತಲೆ. ಅವನು ಗೆಲ್ಲುವುದು ಎಲ್ಲಿಂದ ಬಂತು?

ಬೊಜ್ಜು ಸುಳ್ಳೇನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಗೆ ತೂಕ ಹೆಚ್ಚಿದೆ. ಹಿಂದೆ ಹೊಲಕ್ಕೆ ನಡೆದು ಹೋಗಿ ಎರಡು ಮುದ್ದೆ ಉಂಡವರು ಅದನ್ನು ಬೆವರಿನಲ್ಲಿ ಕರಗಿಸುತ್ತಿದ್ದರು. ಈಗ ಮುದ್ದೆ ಅಷ್ಟೇ ಇದೆ, ನಡಿಗೆ ಸ್ಕೂಟರಿಗೆ ಹೋಗಿದೆ, ಜೊತೆಗೆ ಬೇಕರಿ ಸೇರಿದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ದರೆ ಊಟ, ನಡಿಗೆ ಎರಡನ್ನೂ ಸರಿಪಡಿಸಿಕೊಳ್ಳಬೇಕಾದ್ದೇ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ. ಇದರ ವಿವರ ಇನ್ನೊಂದು ವಾರಕ್ಕೆ ಇರಲಿ.

ಭೇದಿ ಮಾತ್ರೆ ತೆಗೆದುಕೊಂಡವರಿಗೆ ತಲೆಸುತ್ತಿ ಬಿದ್ದರೆ, ಎದೆ ಡವಡವ ಎಂದು ತಾಳ ತಪ್ಪಿ ಬಡಿದುಕೊಂಡರೆ, ಕೈಕಾಲು ಎತ್ತಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಬೆಳಗಿನಿಂದ ಸಂಜೆಯವರೆಗೆ ಮೂತ್ರವೇ ಆಗದಿದ್ದರೆ, ಮಾತು ತೊದಲಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಂದ ವಾಹನ ಸಿಗುವುದು ತಡವಾಗಬಹುದು. ಅಷ್ಟರಲ್ಲಿ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಓ.ಆರ್.ಎಸ್. ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ. ಪುಡಿ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರು ಸಿಕ್ಕರೆ ಅದನ್ನೂ ಕೊಡಬಹುದು, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಬೇಡ. ಹೊರಡುವಾಗ ಖಾಲಿ ಸ್ಟ್ರಿಪ್, ಪುಡಿಯ ಡಬ್ಬಿ, ಟೀ ಪೊಟ್ಟಣ ಏನು ಸಿಕ್ಕಿತೋ ಅದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ.